ಲೆಕ್ಕ ಕೇಳಿದರೆ ಸಿಟ್ಟೇಕೆ?

ಮಕ್ಕಳೇ, ಕಳೆದ ಭಾನುವಾರ ನಮ್ಮ ಮನೆಯಲ್ಲೊಂದು ಸಣ್ಣ ರಂಪ. ಏಳನೇ ಕ್ಲಾಸಿನ ನನ್ನ ಮೊಮ್ಮಗ ಬೀದಿ ಹುಡುಗರ ಗಣೇಶನಿಗೆ ಖಜಾಂಚಿ. ಚಂದಾ ಎತ್ತಿದ್ದು, ಖರ್ಚು ಮಾಡಿದ್ದು ಎಲ್ಲ ಅವನ ನೋಟ್‌ಬುಕ್ಕಿನಲ್ಲೇ. ಗೆಳೆಯನೊಬ್ಬ "ಲೆಕ್ಕ ತೋರಿಸೋ" ಅಂದನಂತೆ. ಇವನು ಮನೆಗೆ ಬಂದು ಪುಸ್ತಕ ಎಸೆದು, "ತಾತಾ, ನಾನೇನು ಕಳ್ಳನಾ?" ಎಂದು ಮೂಲೆ ಹಿಡಿದು ಕೂತ.

ಅವನಿಗೆ ನನ್ನದೊಂದು ಹಳೆಯ ಕಥೆ ಹೇಳಿದೆ. ಹೆಮ್ಮೆಪಡುವಂಥದ್ದಲ್ಲ, ಆದರೂ ನಿಮಗೂ ಹೇಳುತ್ತೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕಂಪ್ಯೂಟರ್ ಇರಲಿಲ್ಲ, ದಪ್ಪ ದಪ್ಪ ಲೆಡ್ಜರುಗಳು. ಒಬ್ಬ ಅಜ್ಜಿ ಬಂದು, ತಾನು ಕಟ್ಟಿದ ಮುನ್ನೂರು ರೂಪಾಯಿ ಪಾಸ್‌ಬುಕ್ಕಿನಲ್ಲಿ ಕಾಣುತ್ತಿಲ್ಲ ಎಂದರು. ರಸೀದಿ ಕಳೆದುಹೋಗಿತ್ತು. "ಕಟ್ಟಿಲ್ಲಮ್ಮ, ನೀವೇ ಮರೆತಿದ್ದೀರಿ" ಎಂದು ಕಳಿಸಿದೆ. ಇನ್ನೊಮ್ಮೆ ಬಂದರು, ಅದೇ ಮಾತು ಹೇಳಿದೆ. ಮೂರನೇ ಸಲ ಬರಲಿಲ್ಲ.

ಕೆಲವು ತಿಂಗಳ ಮೇಲೆ ಹೆಡ್ ಆಫೀಸಿನಿಂದ ಇನ್‌ಸ್ಪೆಕ್ಷನ್‌ಗೆ ಬಂದವರು ವೋಚರುಗಳನ್ನು ಹಿಡಿದು ಲೆಡ್ಜರಿನ ಜೊತೆ ತಾಳೆ ನೋಡತೊಡಗಿದರು. ನನಗೆ ಒಳಗೊಳಗೇ ಸಿಟ್ಟು. ಮೂರನೇ ದಿನ ಅವರ ಪೆನ್ಸಿಲು ಒಂದು ಕಡೆ ನಿಂತಿತು. ಅಜ್ಜಿಯ ಹಣವನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಏರಿಸಿತ್ತು. ಅಕ್ಷರ ನನ್ನದೇ.

ಅಂದು ಸಂಜೆ ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. "ನನಗೇ ಅರಳುಮರಳು ಶುರುವಾಯಿತು ಅಂದುಕೊಂಡಿದ್ದೆನಪ್ಪಾ" ಎಂದರು. ನಾನು ಕದ್ದಿರಲಿಲ್ಲ. ಆದರೂ ಅವರು ಹಣದ ಜೊತೆಗೆ ತಮ್ಮ ನೆನಪಿನ ಮೇಲಿನ ನಂಬಿಕೆಯನ್ನೂ ಕಳೆದುಕೊಂಡಿದ್ದರು. ಎರಡನ್ನೂ ವಾಪಸು ಕೊಡಿಸಿದ್ದು ಹೊರಗಿನಿಂದ ಬಂದವರ ಪೆನ್ಸಿಲು.

ಒಂದು ಬ್ಯಾಂಕಿಗೇ ಇದು ಬೇಕಾದರೆ ದೇಶದ ಖಜಾನೆಗೆ ಬೇಡವೇ? ನೀವು ಒಂದು ಸೋಪು ಕೊಂಡರೂ ಅದರಲ್ಲೊಂದಿಷ್ಟು ತೆರಿಗೆಯಾಗಿ ಸರ್ಕಾರಕ್ಕೆ ಹೋಗುತ್ತದೆ. ಆ ಹಣದ ಲೆಕ್ಕ ನೋಡುವವರು ಭಾರತದ ಮಹಾಲೇಖಪಾಲರು. ಪತ್ರಿಕೆಗಳಲ್ಲಿ ಸಿಎಜಿ ಎಂದು ಓದಿರುತ್ತೀರಿ. ಕೇಂದ್ರದ್ದೂ ರಾಜ್ಯಗಳದ್ದೂ ಅವರೇ ನೋಡಬೇಕು. ಸಂವಿಧಾನದ 148ರಿಂದ 151ರವರೆಗಿನ ವಿಧಿಗಳು ಅವರಿಗಾಗಿಯೇ ಇವೆ. ಸಂವಿಧಾನದಲ್ಲಿ ಬಹುಶಃ ಎಲ್ಲಕ್ಕಿಂತ ಮುಖ್ಯವಾದ ಅಧಿಕಾರಿ ಇವರೇ ಎಂದು 1949ರಲ್ಲಿ ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹೇಳಿದ್ದರು.

"ತಪ್ಪು ಹಿಡಿದರೆ ಸರ್ಕಾರ ಅವರನ್ನೇ ತೆಗೆದುಹಾಕಲ್ವಾ ತಾತಾ?" ಎಂದ ಮೊಮ್ಮಗ. ಒಳ್ಳೆಯ ಪ್ರಶ್ನೆ. ಅವರ ಅವಧಿ ಆರು ವರ್ಷ, ಅಥವಾ 65 ತುಂಬುವವರೆಗೆ, ಯಾವುದು ಮೊದಲೋ ಅದು. ನಡುವೆ ತೆಗೆಯಬೇಕೆಂದರೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. ಸಂಸತ್ತಿನ ಎರಡೂ ಸದನ ಒಪ್ಪಬೇಕು. ಸಂಬಳ ಕಡಿಮೆ ಮಾಡುವಂತಿಲ್ಲ. ಆ ಹುದ್ದೆ ಬಿಟ್ಟ ಮೇಲೆ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬೇರೆ ಸರ್ಕಾರಿ ಹುದ್ದೆ ಹಿಡಿಯುವಂತೆಯೂ ಇಲ್ಲ. ಹೆದರಿಸಲೂ ಆಗದು, ಆಸೆ ತೋರಿಸಲೂ ಆಗದು.

ಇವರ ಕಚೇರಿಯವರು ಬಿಲ್ಲು ಸರಿಯಿದೆಯೇ ಎಂದಷ್ಟೇ ನೋಡುವುದಿಲ್ಲ. ಉದ್ದೇಶ ಈಡೇರಿತೇ ಎಂದೂ ಕೇಳುತ್ತಾರೆ. ಬೋರ್‌ವೆಲ್ ಕೊರೆದ ಬಿಲ್ಲು ಸರಿಯಾಗಿದ್ದು, ಪಂಪೇ ಇಲ್ಲದೆ ನೀರು ಬಾರದಿದ್ದರೆ ಅದೂ ಆಕ್ಷೇಪಣೆಯೇ. ಹಾಗೆಂದು ಒಂದೇ ಏಟಿಗೆ ತೀರ್ಪು ಕೊಡುವುದಿಲ್ಲ. 'ಹಾಫ್ ಮಾರ್ಜಿನ್' ಎಂಬ ಕಾಗದವೊಂದಿದೆ. ಹಾಳೆಯ ಅರ್ಧದಲ್ಲಿ ಅವರ ಪ್ರಶ್ನೆ, ಉಳಿದರ್ಧ ಇಲಾಖೆಯ ಉತ್ತರಕ್ಕೆ ಖಾಲಿ. ಎಷ್ಟು ಮರ್ಯಾದೆಯ ಪದ್ಧತಿ ನೋಡಿ!

ಕೇಂದ್ರದ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೆ, ರಾಜ್ಯದ್ದು ರಾಜ್ಯಪಾಲರ ಮೂಲಕ ವಿಧಾನಮಂಡಲಕ್ಕೆ ಹೋಗುತ್ತದೆ. ಅಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆದು ಪ್ರಶ್ನಿಸುತ್ತದೆ. ಸಂಸತ್ತಿನ ಆ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವುದು ರೂಢಿ. ಮಹಾಲೇಖಪಾಲರು ಯಾರಿಗೂ ಶಿಕ್ಷೆ ಕೊಡಲಾರರು. ಇದ್ದದ್ದನ್ನು ಎಲ್ಲರೆದುರು ಇಡುವುದಷ್ಟೇ ಅವರ ಕೆಲಸ. ಮುಂದಿನದನ್ನು ನಾವು ಆರಿಸಿ ಕಳಿಸಿದವರು ಮಾಡಬೇಕು. ಅವರು ಸುಮ್ಮನಿದ್ದರೆ ವರದಿ ಕಪಾಟು ಸೇರುತ್ತದೆ. ಆಗ ಕೇಳಬೇಕಾದವರು ನಾವು.

ಕೇಳಲು ದೆಹಲಿಗೇ ಹೋಗಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕ, ಕಾಮಗಾರಿಗಳನ್ನು ಜನರೆದುರೇ ಪರಿಶೀಲಿಸುತ್ತಾರೆ. ಹಳ್ಳಿಯಲ್ಲಿರುವ ಅಜ್ಜ ಅಜ್ಜಿಯರೇ, ಈ ಸಲ ಮೊಮ್ಮಕ್ಕಳ ಕೈ ಹಿಡಿದು ಹೋಗಿಬನ್ನಿ.

ಕಥೆ ಮುಗಿದ ಮೇಲೆ ಮೊಮ್ಮಗ ಪುಸ್ತಕ ಎತ್ತಿಕೊಂಡು ಗೆಳೆಯನ ಮನೆಗೆ ಹೋದ. ಇಬ್ಬರೂ ಕೂತು ಕೂಡಿದರು. ಮೂವತ್ತೈದು ರೂಪಾಯಿ ವ್ಯತ್ಯಾಸ. ಕರ್ಪೂರ, ಊದುಬತ್ತಿಗೆ ಮೊಮ್ಮಗ ತನ್ನ ಜೇಬಿನಿಂದಲೇ ಕೊಟ್ಟು, ಬರೆಯುವುದನ್ನೇ ಮರೆತಿದ್ದ. ಅಂಗಡಿಯ ಚೀಟಿಯನ್ನು ಪುಸ್ತಕದ ನಡುವಿನಿಂದ ಹುಡುಕಿ ತೆಗೆದವನು ಲೆಕ್ಕ ಕೇಳಿದ ಆ ಗೆಳೆಯನೇ!