ಟೀ ಸೊಳ್ಳೆಗೆ ಹೆಲಿಕಾಪ್ಟರ್

ಎಂಡೋಸಲ್ಫಾನ್ ಅಂದ ಕೂಡ್ಲೇ ಎಲ್ಲರಿಗೂ ನೆನಪಾಗೋದು ಕಾಸರಗೋಡು. ಹೆಚ್ಚೆಂದ್ರೆ ಬೆಳ್ತಂಗಡಿ ಕಡೆಯ ಕೊಕ್ಕಡ. ನಮ್ಮ ಭಟ್ಕಳ, ಹೊನ್ನಾವರ, ಕುಮಟಾದಲ್ಲೂ ಸಂತ್ರಸ್ತರಿದ್ದಾರೆ ಅಂದ್ರೆ ಬೆಂಗಳೂರಿನ ಗೆಳೆಯರು "ಹೌದಾ?" ಅಂತ ಹುಬ್ಬೇರಿಸ್ತಾರೆ. ಇದ್ದಾರೆ ಮಾರಾಯ್ರೆ. ಸರ್ಕಾರದ ಪಟ್ಟಿಯಲ್ಲೇ ಇದ್ದಾರೆ.

ವಿಷದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ತಕರಾರು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಇಷ್ಟೆಲ್ಲಾ ನಡೆದದ್ದು ಒಂದು ಸೆಂಟಿಮೀಟರೂ ಇಲ್ಲದ ರಸ ಹೀರುವ ಹುಳಕ್ಕಾಗಿ. ಹೆಸರು ಟೀ ಸೊಳ್ಳೆ, ಆದ್ರೆ ಸೊಳ್ಳೆ ಅಲ್ಲ, ತಿಗಣೆ ಜಾತಿ. ಗೇರಿನ ಎಳೆ ಚಿಗುರಿಗೆ, ಹೂಗೊಂಚಲಿಗೆ, ಎಳೆ ಬೀಜಕ್ಕೆ ಸೂಜಿಯಂಥ ಬಾಯಿ ಚುಚ್ಚುತ್ತೆ. ಅದರ ಜೊಲ್ಲಿನ ನಂಜಿಗೆ ಚುಚ್ಚಿದ ಜಾಗ ಕಪ್ಪಾಗಿ, ಗೊಂಚಲಿಗೆ ಗೊಂಚಲೇ ಬೆಂಕಿ ತಾಗಿದ ಹಾಗೆ ಒಣಗುತ್ತೆ. ಬಲಿತ ಎಲೆಯ ಗೊಡವೆ ಅದಕ್ಕಿಲ್ಲ. ಅಂದ್ರೆ ಮಳೆ ಮುಗಿದು ಚಿಗುರು ಬಂದಲ್ಲಿಂದ ಬೀಜ ಕಟ್ಟುವ ತನಕ ಮರ ನೋಡ್ತಾ ಇದ್ರೆ ಸಾಕು.

ಆದ್ರೆ ಗುಡ್ಡದ ತುಂಬಾ ದೊಡ್ಡ ದೊಡ್ಡ ಗೇರು ಮರ. ಯಾರು ನೋಡ್ತಾರೆ? ಹೆಲಿಕಾಪ್ಟರ್ ತಂದ್ರು! ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದ ತನಕ ಇದೇ ನಡೀತು. ನಮ್ಮ ಕರಾವಳಿಯ ನಿಗಮದ ಗೇರು ತೋಟಗಳಿಗೂ ಅದೇ ಔಷಧಿ. ಮರ ನೋಡಿ ಅಲ್ಲ, ಕ್ಯಾಲೆಂಡರ್ ನೋಡಿ (ನಮ್ಮ ಕಸುಬಿನ ಭಾಷೆಯಲ್ಲಿ ಕ್ರಾನ್ ಜಾಬ್). ಮೇಲಿಂದ ಹೊಯ್ದದ್ದು ಗೇರಿನ ಮೇಲೇ ಬೀಳ್ಬೇಕು ಅಂತ ಗಾಳಿಗೆ ಯಾರು ಹೇಳೋದು? ಗುಡ್ಡದ ಬುಡದಲ್ಲೇ ಮನೆ, ಬಾವಿ, ತೋಡು...

2011ರ ಮೇನಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. ಬಾಟಲಿ ಹೋಯ್ತು, ಆ ಬುದ್ಧಿ ಹೋಗಿಲ್ಲ. ಈಗಲೂ ಅಂಗಳದ ಮಾವಿನ ಮರಕ್ಕೆ ಜಿಗಿಹುಳ ಬಿದ್ದು ಎಲೆ ಮೇಲೆ ಕಪ್ಪು ಮಸಿ ಕೂತ್ರೆ ಮೊದಲ ಪ್ರಶ್ನೆ "ಎಂತ ಹೊಡೀಬೇಕು?" ಆ ಮಸಿ, ಹುಳ ಬಿಡೋ ಸಿಹಿ ಅಂಟಿನ ಮೇಲೆ ಬೆಳೆಯೋ ಬೂಷ್ಟು ಅಷ್ಟೆ. ಒಂದು ಕೊಂಬೆ ಬಗ್ಗಿಸಿ, ಹುಳ ಇನ್ನೂ ಇದೆಯಾ ಅಂತ ನೋಡೋಕೂ ಪುರುಸೊತ್ತಿಲ್ಲ.

ಹಾಗಂತ ಔಷಧಿಯೇ ಬೇಡ ಅನ್ನೋ ಪೈಕಿ ನಾನಲ್ಲ. ಹುಳ ಕಂಡಾಗ, ಚಿಗುರಿಗೆ, ನೆಲದಿಂದಲೇ ಹೊಡೀಲಿ. ಆದ್ರೆ ಅದಕ್ಕೂ ಮೊದಲು ಚಗಳಿ ಇರುವೆ ಇದೆಯಲ್ಲ? ಎಲೆ ಹೊಲಿದು ಕೊಟ್ಟೆ ಕಟ್ಟೋ ಆ ಕೆಂಪಿರುವೆ ಟೀ ಸೊಳ್ಳೆಯನ್ನ ಹಿಡಿದು ತಿನ್ನುತ್ತೆ, ಓಡಿಸುತ್ತೆ. ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ವಿಜ್ಞಾನಿಗಳು ಇದನ್ನ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ತೊಂದರೆಯೂ ಉಂಟು: ಸಿಹಿ ಅಂಟಿನ ಆಸೆಗೆ ಬಿಳಿ ಹಿಟ್ಟು ತಿಗಣೆಯನ್ನ ಸಾಕುತ್ತೆ, ಕೊಯ್ಯೋರಿಗೆ ಕಚ್ಚಿ ಕಣ್ಣಲ್ಲಿ ನೀರು ತರಿಸುತ್ತೆ.

ನಮ್ಮ ಕಡೆ ಬೆಂಕಿ ಇಟ್ಟು ಅದರ ಕೊಟ್ಟೆ ಸುಡೋರೇ ಜಾಸ್ತಿ. ನಿಮ್ಮ ಕಡೆ ಹೇಗೆ?