ಹಂಚಿದ್ದನ್ನು ಎಣಿಸಿದ್ದು ಸಾಕು, ಬದಲಾದದ್ದನ್ನು ಅಳೆಯಿರಿ

ಮಾನ್ಯ ಮುಖ್ಯಮಂತ್ರಿಗಳೇ,

ಐದು ಗ್ಯಾರಂಟಿ ಯೋಜನೆಗಳಿಗೆ ಕರ್ನಾಟಕದ ಬಜೆಟ್ ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ತೆಗೆದಿಟ್ಟಿದೆ. ಆ ಹಣ ಬಡವರ ಮನೆ ಸೇರಬಾರದು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಸೇರಿದ ಮೇಲೆ ಆ ಮನೆಯ ಬದುಕಿನಲ್ಲಿ ಏನು ಬದಲಾಯಿತು ಎಂಬುದನ್ನು ಸರ್ಕಾರ ತಾನಾಗಿಯೇ ಅಳೆದು ಜನರಿಗೆ ಹೇಳಬೇಕು. ಆ ಒತ್ತಾಯಕ್ಕಾಗಿಯೇ ಈ ಪತ್ರ.

2025ರ ಜುಲೈನಲ್ಲಿ ಮಹಿಳೆಯರಿಗಾಗಿ ತಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಅದು ಬಸ್ಸು ಹತ್ತಿದ್ದರ ಲೆಕ್ಕ. ಬಸ್ಸಿಳಿದ ಮೇಲಿನ ಲೆಕ್ಕ ಇನ್ನೂ ಮುಖ್ಯವಾದದ್ದು. ಪಿಯುಸಿಗೇ ಓದು ನಿಲ್ಲಿಸಬೇಕಿದ್ದ ಹುಡುಗಿ ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜು ಸೇರಿದಳೇ? ಊರಿನ ಕೂಲಿಯನ್ನೇ ನಂಬಿದ್ದಾಕೆಗೆ ಪೇಟೆಯಲ್ಲಿ ಹೆಚ್ಚು ಸಂಬಳದ ಕೆಲಸ ಸಿಕ್ಕಿತೇ? ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯ ಹೆಂಗಸಿಗೆ ಈ ಯೋಜನೆ ದಕ್ಕಿದ್ದೆಷ್ಟು? ಯಾವ ಮಾರ್ಗದಲ್ಲಿ ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್ ತೀರಾ ಕಡಿಮೆಯಿದೆಯೋ ಅಲ್ಲಿ ಬಸ್ಸೇ ಸಾಲದು ಎಂಬ ಸುಳಿವು ಸಾರಿಗೆ ನಿಗಮಗಳ ಟಿಕೆಟ್ ಯಂತ್ರಗಳಲ್ಲೇ ಸಿಗಬಲ್ಲದು. ಆ ಸುಳಿವು ಹಿಡಿದು ಹೊಸ ಬಸ್ಸು ಬಿಟ್ಟರೆ ಅಂಕಿಅಂಶ ಕೂಡಿಟ್ಟದ್ದಕ್ಕೆ ಅರ್ಥ ಬರುತ್ತದೆ.

ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆಯನ್ನೇ ನೋಡಿ. ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಹೊಂದಿಸಲಾಗದೆ 2023ರ ಜುಲೈನಿಂದ ತಿಂಗಳಿಗೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಲಾಯಿತು. 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ದುಡ್ಡು ಬಂದ ತಿಂಗಳುಗಳಲ್ಲಿ ಮನೆಗೆ ಬೇಳೆ, ಎಣ್ಣೆ, ತರಕಾರಿ ಹೆಚ್ಚು ಬಂದವೇ, ಅಥವಾ ಆ ದುಡ್ಡು ಸಾಲದ ಕಂತಿಗೆ ಹೋಯಿತೇ? ಅಕ್ಕಿ, ದುಡ್ಡು ಇವೆರಡರಲ್ಲಿ ಮನೆಯೊಡತಿಯ ಆಯ್ಕೆ ಯಾವುದಿತ್ತು? ಕೋಟಿಗಟ್ಟಲೆ ಮನೆಗಳು ಎರಡೂ ಬಗೆಯನ್ನು ಕಂಡಿರುವಾಗ ಮುಂದಿನ ನಿರ್ಧಾರಕ್ಕೆ ಅವರ ಅನುಭವಕ್ಕಿಂತ ದೊಡ್ಡ ಆಧಾರ ಬೇರೆಲ್ಲಿದೆ?

ಹೀಗೆ ಅಳೆಯುವುದು ಆಗದ ಕೆಲಸವೆಂದು ಯಾರಾದರೂ ತಮಗೆ ಹೇಳಿದರೆ, ಶಾಲೆಯ ಮೊಟ್ಟೆಯ ಕಡತ ತರಿಸಿಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದಾಗ ಎದ್ದ ವಿರೋಧ ಸಣ್ಣದಲ್ಲ. ಕೆಲವು ಮಠಾಧೀಶರು ಬೀದಿಗಿಳಿಯುವ ಎಚ್ಚರಿಕೆ ಕೊಟ್ಟರು. ಅದೇ ಹೊತ್ತಿಗೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ತೂಗಿ, ಅಳೆದು, ಹೋಲಿಸಿದರು. ಯಾದಗಿರಿಯ ಎಂಟನೇ ತರಗತಿ ಹೆಣ್ಣುಮಕ್ಕಳ ತೂಕದ ಏರಿಕೆ ಗದಗದವರಿಗಿಂತ ಶೇ 71ರವರೆಗೂ ಹೆಚ್ಚಿತ್ತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಮುಂದೆ ಒಂಬತ್ತು, ಹತ್ತನೇ ತರಗತಿಗೂ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ನಂಬಿಕೆಯ ಜಗಳವಾಗಿ ಮುಗಿದುಹೋಗಬಹುದಾಗಿದ್ದ ವಿಷಯವನ್ನು ಮಕ್ಕಳ ಮೈಮೇಲೆ ಕಂಡ ಸಾಕ್ಷ್ಯ ಮುಂದಕ್ಕೆ ಒಯ್ದಿತು. ಎರಡು ಜಿಲ್ಲೆಗಳ ನಡುವೆ ಮೊಟ್ಟೆಯ ಹೊರತಾಗಿಯೂ ವ್ಯತ್ಯಾಸಗಳಿರುತ್ತವೆ ಎಂಬುದು ನಿಜ. ಮೊದಲ ಹಂತದ ಶಾಲೆಗಳನ್ನು ಚೀಟಿ ಎತ್ತಿ ಆರಿಸಿದ್ದರೆ ಆ ಸಾಕ್ಷ್ಯ ಇನ್ನೂ ಗಟ್ಟಿಯಾಗಿರುತ್ತಿತ್ತು.

ಹಾಗೆ ಆರಿಸಿದ ಉದಾಹರಣೆಯೂ ನಮ್ಮಲ್ಲೇ ಇದೆ. ದಶಕದ ಹಿಂದೆ ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೈಕಿ 140ರಲ್ಲಿ ಸಿಬ್ಬಂದಿಗೆ ಬೆರಳಚ್ಚಿನ ಹಾಜರಾತಿ ತಂದು, ಉಳಿದವುಗಳೊಂದಿಗೆ ಹೋಲಿಸಲಾಯಿತು. ನರ್ಸ್, ಫಾರ್ಮಾಸಿಸ್ಟ್, ಲ್ಯಾಬ್ ಟೆಕ್ನೀಷಿಯನ್‌ಗಳ ಹಾಜರಿ ಏರಿತು. ಕಡಿಮೆ ತೂಕದ ಶಿಶುಗಳ ಜನನ ಸುಮಾರು ಕಾಲು ಭಾಗ ತಗ್ಗಿತು. ವೈದ್ಯರ ಹಾಜರಿ ಮಾತ್ರ ಕದಲಲಿಲ್ಲ, ಏಕೆಂದರೆ ಗೈರಾದವರ ಮೇಲೆ ಕ್ರಮ ಕೈಗೊಳ್ಳಬೇಕಿದ್ದ ನಿಯಮ ಕಾಗದದಲ್ಲೇ ಉಳಿಯಿತು. ಎಲ್ಲಿ ಫಲಿಸಿತು, ಎಲ್ಲಿ ಎಡವಿತು, ಯಾವುದರ ಕೊರತೆಯಿಂದ ಎಡವಿತು ಎಂಬ ಮೂರೂ ಉತ್ತರ ಒಂದೇ ಅಧ್ಯಯನದಲ್ಲಿ ಸಿಕ್ಕಿದವು. ಯಂತ್ರ ಕೊಳ್ಳುವುದು ಸುಲಭ, ಯಂತ್ರ ಹೇಳಿದ್ದನ್ನು ಕೇಳಿ ನಡೆಯುವುದು ಆಡಳಿತದ ಹೊಣೆ.

ಇಂಥ ಅಳತೆಗೆ ಬೇಕಾದ ಸಂಸ್ಥೆಯನ್ನೂ ಹೊಸದಾಗಿ ಕಟ್ಟಬೇಕಿಲ್ಲ. 2011ರಲ್ಲೇ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಹುಟ್ಟಿದೆ. ಅದು ಹೇಳಿದ್ದನ್ನು ಇಲಾಖೆಗಳು ಕೇಳಲೇಬೇಕಾದ ಕಟ್ಟುಪಾಡು ಬೇಕು. ಅದಕ್ಕಾಗಿ ತಮ್ಮಿಂದ ನಾಲ್ಕು ಆದೇಶಗಳನ್ನು ಬಯಸುತ್ತೇನೆ.

ಒಂದು, ದೊಡ್ಡ ಯೋಜನೆ ಯಾವುದೇ ಇರಲಿ, ಅದರಿಂದ ಏನು ಬದಲಾಗಬೇಕು, ಎಷ್ಟು, ಎಂದಿಗೆ ಎಂಬುದನ್ನು ಜಾರಿಗೆ ಮುನ್ನವೇ ಬರೆದು ಪ್ರಕಟಿಸಲಿ. ಗುರಿಯನ್ನು ಆಮೇಲೆ ಗೊತ್ತುಮಾಡಿದರೆ ಸೋತ ಯೋಜನೆಯೇ ಇರುವುದಿಲ್ಲ.

ಎರಡು, ಒಂದೇ ದಿನ ರಾಜ್ಯಕ್ಕೆಲ್ಲ ತಲುಪಿಸಲಾಗದ ಯೋಜನೆಗಳ ಮೊದಲ ಹಂತದ ತಾಲ್ಲೂಕುಗಳನ್ನು ಶಾಸಕರ ಒತ್ತಡದ ಬದಲು ಚೀಟಿ ಎತ್ತಿ ಆರಿಸಲಿ. ಅದು ನ್ಯಾಯವೂ ಹೌದು, ಹೋಲಿಕೆಗೆ ಅನುಕೂಲವೂ ಹೌದು.

ಮೂರು, ಪ್ರತಿ ಮೌಲ್ಯಮಾಪನ ವರದಿಯ ಸಾರ ಕನ್ನಡದಲ್ಲಿ ಹೊರಬರಲಿ. ಕೈಗೊಂಡ ಕ್ರಮದ ವಿವರ ಆರು ತಿಂಗಳೊಳಗೆ ಸದನದ ಮುಂದೆ ಬರಲಿ. ಶಿಫಾರಸು ಒಪ್ಪದಿದ್ದರೆ ಇಲಾಖೆ ಕಾರಣ ಬರೆಯಲಿ.

ನಾಲ್ಕು, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಿಕ್ಷಕರು ತುಂಬುವ ರಿಜಿಸ್ಟರು, ಆ್ಯಪುಗಳ ಪಟ್ಟಿ ಮಾಡಿಸಿ, ಯಾವ ನಿರ್ಧಾರಕ್ಕೂ ಬಳಕೆಯಾಗದ್ದನ್ನು ರದ್ದುಮಾಡಿ. ಉಳಿದ ಮಾಹಿತಿ ಬೆಂಗಳೂರಿಗೆ ಹೋದಂತೆ ಅದೇ ಊರಿನ ಗ್ರಾಮಸಭೆಗೂ ಮರಳಲಿ. ಕೆಟ್ಟ ಅಂಕಿ ಬರೆದವರಿಗೆ ನೋಟಿಸ್ ಹೋಗಬಾರದು. ನಿಜ ಬರೆಯಲು ಹೆದರುವ ಕಡೆ ಸುಳ್ಳು ಅಂಕಿಯೇ ಮೇಲಕ್ಕೆ ಬರುತ್ತದೆ, ಅದನ್ನು ನಂಬಿ ತಾವು ತಪ್ಪು ನಿರ್ಧಾರ ಮಾಡುತ್ತೀರಿ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಶೇ 65.5ರಷ್ಟು ಎಳೆಯರಲ್ಲಿ ರಕ್ತಹೀನತೆ ಇತ್ತು. ಫಲಿಸದ ಯೋಜನೆಗೆ ಹೋಗುವ ಪ್ರತಿ ವರ್ಷವೂ ಅಂಥ ಮಕ್ಕಳ ಪಾಲಿಗೆ ಮತ್ತೆ ಬಾರದ ವರ್ಷ. ಮುಂದಿನ ಬಜೆಟ್ ಭಾಷಣದಲ್ಲಿ ಪ್ರತಿ ದೊಡ್ಡ ಯೋಜನೆಯ ಹೆಸರಿನ ಪಕ್ಕ ಎರಡು ಸಾಲು ಓದಿ: ಕಳೆದ ವರ್ಷ ಇದರಿಂದ ಏನು ಬದಲಾಯಿತು, ಬದಲಾಗದ್ದನ್ನು ಸರಿಪಡಿಸಲು ಈ ವರ್ಷ ಏನು ಮಾಡುತ್ತೇವೆ. ಜನ ವೋಟು ಕೊಟ್ಟಿದ್ದಾರೆ, ತೆರಿಗೆ ಕಟ್ಟಿದ್ದಾರೆ. ಆ ಎರಡು ಸಾಲು ಕೇಳುವ ಹಕ್ಕು ಅವರಿಗಿದೆ.

ಇಂತಿ,
ರಾಜ್ಯದ ಒಬ್ಬ ನಾಗರಿಕ