ಕಲ್ಲಿನ ಮೇಲೆ ಮೂರು ವರ್ಷ, ಬಿಲ್ಲಿಗೆ 45 ದಿನ

'ಇಶಿ ನೊ ಉಎ ನಿ ಮೊ ಸಾನ್ ನೆನ್' ಎಂಬುದೊಂದು ಜಪಾನೀ ಗಾದೆ. ತಣ್ಣನೆಯ ಕಲ್ಲೂ ಮೂರು ವರ್ಷ ಅದರ ಮೇಲೆ ಕುಳಿತರೆ ಬೆಚ್ಚಗಾಗುತ್ತದೆಂಬುದು ಇದರ ಭಾವ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಲ್ಲಿನ ಹಿರಿಯರು ಇದನ್ನು ಹೇಳುವುದುಂಟು. ನಮ್ಮ 'ತಾಳಿದವನು ಬಾಳಿಯಾನು' ಎಂಬ ಮಾತಿಗೆ ಇದು ಸಮೀಪ. ಕಲ್ಲಿಗೆ ಬಿಸಿ ಬರುವುದು ಕುಳಿತವನ ಮೈಶಾಖದಿಂದ. ಆದ್ದರಿಂದ ತಾಳ್ಮೆಯೂ ಒಂದು ದುಡಿಮೆ.

ತಲಕಾಡಿನಲ್ಲಿ 2013ರ ಪಂಚಲಿಂಗ ದರ್ಶನದ ಬಳಿಕ ಮುಂದಿನದು ನಡೆದದ್ದು 2020ರಲ್ಲಿ. ಅದೊಂದನ್ನೇ ನಂಬಿದ ಅಂಗಡಿ ಉಳಿಯದು. ನಡುವಿನ ಏಳು ವರ್ಷವೂ ನಿತ್ಯ ಬಾಗಿಲು ತೆರೆದು ಗಿರಾಕಿಯ ವಿಶ್ವಾಸ ಗಳಿಸಿದ್ದೇ ಉಳಿಯುವುದು.

ಆದರೆ ನಮ್ಮ ಸಣ್ಣ ತಯಾರಕರು ಈ ತಾಳ್ಮೆಯನ್ನು ಬಾಕಿ ವಸೂಲಿಯಲ್ಲಿಯೂ ತೋರುತ್ತಿರುವುದು ವಿಷಾದಕರ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯನ್ವಯ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು, ಒಪ್ಪಂದವೇನೇ ಇರಲಿ, 45 ದಿನ ಮೀರದಂತೆ ಹಣ ಪಾವತಿಸತಕ್ಕದ್ದು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಗಿರಾಕಿ ಕೈತಪ್ಪುವ ಅಂಜಿಕೆಯಿಂದ ವರ್ಷಗಟ್ಟಲೆ ಸುಮ್ಮನಿದ್ದರೆ, ಅದು ಬಡ್ಡಿಯಿಲ್ಲದೆ ಕೊಟ್ಟ ಸಾಲವೆಂದೇ ನನ್ನಂಥ ಲೆಕ್ಕಪರಿಶೋಧಕರು ಎಣಿಸಬೇಕಾಗುತ್ತದೆ.

ಸರಕಿನ ಗುಣಮಟ್ಟಕ್ಕಾಗಿ ಮೂರು ವರ್ಷ ದುಡಿಯೋಣ. ಬಿಲ್ಲಿನ ಹಣವನ್ನು 46ನೆಯ ದಿನ ಕೇಳಲು ಸಂಕೋಚ ಬೇಡ.